ವರ್ನರ್ ಸಿಂಡ್ರೋಮ್ ಇದ್ದವರಿಗೆ ಕಣ್ಣಿನ ಪೊರೆ ಆಪರೇಷನ್ ಮಾಡಿಸಬಹುದಾ?

ನಿಮ್ಮ ತಮ್ಮನಿಗೆ 31ಕ್ಕೇ ಎರಡೂ ಕಣ್ಣಿಗೆ ಪೊರೆ ಬಂದಿದೆ, ವರ್ನರ್ ಸಿಂಡ್ರೋಮ್ (ಚಿಕ್ಕ ವಯಸ್ಸಿಗೇ ಮುಪ್ಪು ತರುವ ಜೀನ್ ಕಾಯಿಲೆ) ಇರುವುದರಿಂದ ಆಪರೇಷನ್ ಅಂದರೆ ಭಯ ಅಂತ ಬರೆದಿದ್ದೀರಿ. ಮಾಡಿಸಬಹುದು. ನನ್ನ ಅಕ್ಕನಿಗೂ ಇದೇ ಕಾಯಿಲೆ. ಎರಡೂ ಕಣ್ಣಿನ ಆಪರೇಷನ್ ಆಗಿ ಚೆನ್ನಾಗಿದ್ದಾಳೆ. ಈಗ ಮಾತ್ರೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಅವಳೇ ಓದಿಕೊಳ್ಳುತ್ತಾಳೆ.

ಆದರೆ ಕಾಯಿಲೆಯ ಹೆಸರನ್ನು ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿ. ನಾವು "ಪೊರೆ ತಾನೇ" ಅಂದುಕೊಂಡು, ಏನೂ ಹೇಳದೆ ದಿನ ಗೊತ್ತುಮಾಡಿಕೊಂಡು ಬಂದಿದ್ದೆವು. ಆಮೇಲೆ ನೆನಪಾಗಿ ಓಡಿದೆವು. ಹೇಳಿದ ಮೇಲೆ ಅವರು ತಯಾರಿಯನ್ನೇ ಬದಲಾಯಿಸಿದರು.

ಯಾಕೆ ಅಂದರೆ, ಇದರಲ್ಲಿ ಡಿಎನ್‌ಎ ರಿಪೇರಿಗೆ ಬೇಕಾದ ಡಬ್ಲ್ಯೂಆರ್‌ಎನ್ ಅನ್ನುವ ಜೀನ್ ಕೆಟ್ಟಿರುತ್ತದೆ. ಜೀವಕೋಶಗಳು ಬೇಗ ದಣಿದು, ಹೊಸದು ಹುಟ್ಟುವುದು ಕಡಿಮೆಯಾಗುತ್ತದೆ. ಗಾಯ ಮಾಯಬೇಕಾದರೆ ಹೊಸ ಕೋಶ ಬೇಕಲ್ವಾ? ಹಿಂದೆ ಕಣ್ಣನ್ನು ದೊಡ್ಡದಾಗಿ ಕೊಯ್ದು ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಇಂಥವರಿಗೆ ಹೊಲಿಗೆ ಹಾಕಿದ ಗಾಯ ಮತ್ತೆ ಬಿಚ್ಚಿಕೊಂಡದ್ದುಂಟು, ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಊದಿ ಮಂಜಾದದ್ದೂ ಉಂಟು. ಪೊರೆಯನ್ನು ಕಣ್ಣೊಳಗೇ ಪುಡಿಮಾಡಿ ಹೀರಿ ತೆಗೆಯುವ ಈಗಿನ ಫೇಕೋ ವಿಧಾನದಲ್ಲಿ ಎರಡು-ಮೂರು ಮಿಲಿಮೀಟರ್ ಸೀಳು ಸಾಕು. ನನ್ನ ಪ್ರಕಾರ ನೀವು ಪಟ್ಟು ಹಿಡಿದು ಕೇಳಬೇಕಾದದ್ದು ಇದನ್ನೇ: ಗಾಯ ಆದಷ್ಟೂ ಚಿಕ್ಕದಿರಲಿ.

ಕಾರ್ನಿಯಾದ ಒಳಪದರದ ಕೋಶಗಳನ್ನು ಮೊದಲೇ ಎಣಿಸಿ ನೋಡುವ ಪರೀಕ್ಷೆ ಇದೆ, ಅದನ್ನು ಮಾಡಿಸಿ. ಒಮ್ಮೆ ಹೋದರೆ ಅವು ಯಾರಿಗೂ ಮತ್ತೆ ಬೆಳೆಯುವುದಿಲ್ಲ. ಈ ಕಾಯಿಲೆಯಲ್ಲಿ ಶುಗರ್ ಜಾಸ್ತಿ, ರಕ್ತನಾಳವೂ ಬೇಗ ಗಟ್ಟಿಯಾಗುತ್ತದೆ. ಹಾಗಾಗಿ ಶುಗರ್ ಹಿಡಿತಕ್ಕೆ ಬರಲಿ, ಹೃದಯದ ಪರೀಕ್ಷೆಯೂ ಆಗಲಿ. ಒಂದು ಕಣ್ಣು ಪೂರ್ತಿ ಮಾಯ್ದ ಮೇಲೆಯೇ ಇನ್ನೊಂದು. ಆಪರೇಷನ್ ಆದಮೇಲೆ ಕೊಡುವ ಸ್ಟಿರಾಯ್ಡ್ ಡ್ರಾಪ್ಸ್ ಗಾಯ ಮಾಯುವುದನ್ನು ನಿಧಾನ ಮಾಡಬಲ್ಲದು, ಎಷ್ಟು ದಿನ ಹಾಕಬೇಕೆಂದು ಡಾಕ್ಟರನ್ನೇ ಕೇಳಿ, ಸುಮ್ನೆ ಮುಂದುವರಿಸಬೇಡಿ. ಕಣ್ಣು ಕೆಂಪಾದರೆ, ನೋವು ಬಂದರೆ, ಮತ್ತೆ ಮಂಜಾದರೆ ಮುಂದಿನ ತಾರೀಕಿಗೆ ಕಾಯದೆ ಅವತ್ತೇ ಹೋಗಿ.

ಇನ್ನೊಂದು, ಚಿಕ್ಕದು. ಅಕ್ಕನ ಚರ್ಮ ತುಂಬಾ ತೆಳು. ಮೊದಲ ಸಲ ಕಣ್ಣಿನ ಪಟ್ಟಿ ಕೀಳುವಾಗ ಪ್ಲಾಸ್ಟರ್ ಜೊತೆ ಕೆನ್ನೆಯ ಚರ್ಮವೂ ಸುಲಿದು ಬಂತು. ಕಣ್ಣಿನ ಗಾಯಕ್ಕಿಂತ ಅದು ಮಾಯಲು ಜಾಸ್ತಿ ದಿನ ಹಿಡಿಯಿತು. ಎರಡನೇ ಸಲ ಮೊದಲೇ ನರ್ಸಿಗೆ ಹೇಳಿದೆವು. ಅವರು ಕಾಗದದಂಥ ಮೆತ್ತನೆ ಟೇಪ್ ಹಾಕಿ, ನೀರಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿದರು.