ಕಾಲು ಗಟ್ಟಿಯಾಗಿದೆ, ಆದರೂ ಬೇಡ ಅನಿಸುತ್ತದೆ

ಪ್ರಶ್ನೆ: ವಯಸ್ಸು 26. ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿ ಲೆಕ್ಕ ಬರೆಯುತ್ತೇನೆ. ನನ್ನ ಎಡಗಾಲಿಗೆ ಏನೂ ಆಗಿಲ್ಲ. ಆದರೂ ಮಂಡಿಯ ಮೇಲಿಂದ ಅದು ಇರಲೇಬಾರದಿತ್ತು ಅಂತ ಚಿಕ್ಕಂದಿನಿಂದ ಅನಿಸುತ್ತದೆ. ಯಾರೂ ಇಲ್ಲದಾಗ ಕೋಲು ಹಿಡಿದು ಒಂಟಿಕಾಲಲ್ಲಿ ಓಡಾಡಿದರೆ ನೆಮ್ಮದಿ. ನಾನು ಸಪ್ಪಗಿರುವುದನ್ನು ನೋಡಿ ಅಮ್ಮ ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಹೋಗೋಣ ಅಂತಾರೆ. ನನಗೆ ಹುಚ್ಚಾ? ಡಾಕ್ಟರು ಕಾಲು ತೆಗೀತಾರಾ?

ಉತ್ತರ: ಇದು ಹುಚ್ಚಲ್ಲ. ಕಾಲು ನಿಮ್ಮದೇ, ಚೆನ್ನಾಗಿದೆ ಅನ್ನುವುದು ನಿಮಗೇ ಗೊತ್ತಿದೆ ಅಲ್ವಾ? ಭ್ರಮೆಯಲ್ಲಿ ಈ ಅರಿವು ಉಳಿಯುವುದಿಲ್ಲ. ನೀವು ಬರೆದಿರುವುದು ಬಾಡಿ ಇಂಟೆಗ್ರಿಟಿ ಡಿಸ್ಫೋರಿಯಾಕ್ಕೆ, ಅಂದರೆ ಚೆನ್ನಾಗಿರುವ ಅಂಗವೇ ತನಗೆ ಬೇಡ ಅನಿಸುವ ಸ್ಥಿತಿಗೆ, ತುಂಬಾ ಹತ್ತಿರವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ತಂದ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಇದೂ ಇದೆ. ಎಡಗಾಲು, ಮಂಡಿಯ ಮೇಲೆ, ಬಾಲ್ಯದಿಂದ: ಬೇರೆ ದೇಶಗಳಲ್ಲೂ ಎಷ್ಟೋ ಜನ ಇದನ್ನೇ ಹೇಳಿದ್ದಾರೆ. ಕೆಲವರಲ್ಲಿ ಬೇಡವೆನಿಸುವ ಭಾಗವನ್ನು ಮುಟ್ಟಿದಾಗ, ದೇಹದ ನಕ್ಷೆ ಕೂಡಿಸುವ ಬಲಮೆದುಳಿನ ಜಾಗ ಎಂದಿನಂತೆ ಸ್ಪಂದಿಸಿಲ್ಲ. ಅದೇ ಕಾರಣವೋ, ಪರಿಣಾಮವೋ, ಇನ್ನೂ ತೀರ್ಮಾನವಾಗಿಲ್ಲ. ನರದ ತೊಂದರೆ ಅಥವಾ ಗೀಳು ಕಾಯಿಲೆಯೂ ಹೀಗೇ ಕಾಣಬಹುದು, ಹಾಗಾಗಿ ಪರೀಕ್ಷೆ ಆಗಲೇಬೇಕು.

ಕಾಲು ತೆಗೆಯುವ ಮಾತಿಗೆ ಬರೋಣ. ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ ರಾಬರ್ಟ್ ಸ್ಮಿತ್ ಎಂಬ ಸರ್ಜನ್ 1997 ಮತ್ತು 1999ರಲ್ಲಿ ಇಬ್ಬರ ಆರೋಗ್ಯವಾದ ಕಾಲು ತೆಗೆದರು. 2000ದಲ್ಲಿ ಸುದ್ದಿ ಹೊರಬಿದ್ದು ದೊಡ್ಡ ಗಲಾಟೆಯಾಯಿತು, ಆಮೇಲೆ ಇಂಥ ಆಪರೇಷನ್‌ಗೆ ಆಸ್ಪತ್ರೆ ಬಿಡಲಿಲ್ಲ. ಹೀಗೆ ಕಾಲು ತೆಗೆಸಿಕೊಂಡ ಕೆಲವರು ನೆಮ್ಮದಿ ಸಿಕ್ಕಿತು ಅಂದಿದ್ದಾರೆ. ದೇಹ ನನ್ನದು, ಸಂಕಟವೂ ನನ್ನದು, ತೀರ್ಮಾನ ಬೇರೆಯವರದ್ದೇಕೆ? ಈ ವಾದವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ನಿಮ್ಮ ಹಿಂಸೆ ನಿಜ. ಆದರೂ ನನ್ನ ಉತ್ತರ ಬೇಡ ಎಂದೇ. ಕತ್ತರಿಸಿದ್ದು ವಾಪಸ್ ಬರುವುದಿಲ್ಲ. ಇಲ್ಲದ ಕಾಲಿನ ನೋವು ವರ್ಷಗಟ್ಟಲೆ ಕಾಡಬಹುದು. ಕಾಲು ತೆಗೆಸಿಕೊಂಡವರು ಹತ್ತಿಪ್ಪತ್ತು ವರ್ಷದ ನಂತರ ಹೇಗಿದ್ದಾರೆ ಅನ್ನುವ ಮಾಹಿತಿ ತೀರಾ ಕಡಿಮೆ. ಇಷ್ಟು ಕಡಿಮೆ ತಿಳಿದುಕೊಂಡು ಯಾವ ವೈದ್ಯರೂ ಕತ್ತಿ ಹಿಡಿಯಬಾರದು ಅನ್ನುವುದು ನನ್ನ ನಿಲುವು.

ಹಾಗಾದರೆ ಚಿಕಿತ್ಸೆ? ಆ ಆಸೆಯನ್ನೇ ಅಳಿಸುವ ಮಾತ್ರೆ ಇಲ್ಲ. ಆದರೆ ಜೊತೆಗಿರುವ ಖಿನ್ನತೆ, ನಿದ್ದೆಗೇಡು, ನಾಚಿಕೆ ಔಷಧಿ ಮತ್ತು ಆಪ್ತಸಮಾಲೋಚನೆಯಿಂದ ತಗ್ಗುತ್ತವೆ. ಇಷ್ಟು ವರ್ಷ ಒಬ್ಬರೇ ಬಚ್ಚಿಟ್ಟುಕೊಂಡಿದ್ದೀರಲ್ಲ, ಅದೇ ನಿಮ್ಮನ್ನು ಜಾಸ್ತಿ ಸುಸ್ತು ಮಾಡಿದೆ ಅನಿಸುತ್ತದೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬಾಯಿ ಬಿಡಲು ಆಗದಿದ್ದರೆ ನನಗೆ ಬರೆದದ್ದನ್ನೇ ತೋರಿಸಿ. ಅವರು ಈ ಹೆಸರು ಕೇಳಿರದಿದ್ದರೂ ಬೇಸರ ಬೇಡ, ನಿಮ್ಹಾನ್ಸ್‌ಗೆ ಬರೆದುಕೊಡಲು ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿಡಬೇಕಾದ್ದು ಅವರ ಹೊಣೆ.

ಅಮ್ಮನ ಜೊತೆ ಉಕ್ಕಡಗಾತ್ರಿಗೂ ಹೋಗಿಬನ್ನಿ, ಅವರಿಗೂ ಸಮಾಧಾನ ಬೇಕಲ್ಲ. ಡಾಕ್ಟರು ಕೊಟ್ಟ ಔಷಧಿ ಮಾತ್ರ ನಿಲ್ಲಿಸಬೇಡಿ. ಕಾಲಿಗೆ ನೀವೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಆ ಹೊತ್ತು ಒಬ್ಬರೇ ಇರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.