ದಾರಿ ಅಳೆಯುವುದಕ್ಕೇ ಏಳರಲ್ಲೊಂದು ಪಾಲು

ಪ್ರಶ್ನೆ: 4ಜಿ ಟವರ್ ಕಳಿಸುವುದರಲ್ಲಿ ಒಂದಷ್ಟು ಪಾಲು ಪೈಲಟ್ ಸಿಗ್ನಲ್‌ಗೇ ಹೋಗುತ್ತದಂತೆ. ಎಷ್ಟು? ಅದು ನಮ್ಮ ಡೇಟಾ ಪ್ಯಾಕ್‌ನಲ್ಲಿ ಕಳೆಯುತ್ತದೆಯೇ?

ಉತ್ತರ: ಪೈಲಟ್ ಎಂದರೆ ಸಿಗ್ನಲ್ ಸಾಗುವ ದಾರಿ (ಚಾನೆಲ್) ಹೇಗಿದೆ ಎಂದು ಅಳೆಯಲು ಕಳಿಸುವ, ಎರಡೂ ಕಡೆಗೆ ಮೊದಲೇ ಗೊತ್ತಿರುವ ಸಂಕೇತ. ಅದು ಪ್ಯಾಕ್‌ನಲ್ಲಿ ಕಳೆಯುವುದಿಲ್ಲ, ವೇಗದಲ್ಲಿ ಕಳೆಯುತ್ತದೆ. ಎಲ್‌ಟಿಇಯಲ್ಲಿ, ಅಂದರೆ 4ಜಿಯಲ್ಲಿ, 180 ಕಿಲೋಹರ್ಟ್ಸ್ ಅಗಲ, 1 ಮಿಲಿಸೆಕೆಂಡ್ ಉದ್ದದ ತುಂಡಿನಲ್ಲಿ 12 ಸಬ್‌ಕ್ಯಾರಿಯರ್ (ಆವರ್ತನದ ಪಟ್ಟಿಗಳು), 14 ಸಿಂಬಲ್ (ಸಮಯದ ಹೋಳುಗಳು). ಒಟ್ಟು 168 ಜಾಗ. ಒಂದು ಆಂಟೆನಾ ಪೋರ್ಟ್ (ಫೋನಿಗೆ ಒಂದು ಆಂಟೆನಾದಂತೆ ಕಾಣುವುದು) ಇದ್ದರೆ ಪೈಲಟ್‌ಗೆ 8 ಜಾಗ, ಎರಡಕ್ಕೆ 16, ನಾಲ್ಕಕ್ಕೆ 24. ಒಂದು ಪೋರ್ಟ್ ಪೈಲಟ್ ಕಳಿಸುವ ಜಾಗದಲ್ಲಿ ಉಳಿದವು ಬಾಯಿ ಮುಚ್ಚಿಕೊಂಡಿರಬೇಕು. ನಾಲ್ಕು ಪೋರ್ಟಿನ ಟವರ್‌ನಲ್ಲಿ ಹೀಗೆ ಸರಿಯಾಗಿ ಏಳರಲ್ಲೊಂದು ಪಾಲು ಹೋಯಿತು. ನಡುರಾತ್ರಿ ಒಬ್ಬ ಬಳಕೆದಾರನೂ ಇಲ್ಲದಿದ್ದರೂ ಈ ಪೈಲಟ್‌ಗಳು ನಿಲ್ಲುವುದಿಲ್ಲ. 5ಜಿಯಲ್ಲಿ ಈ ಚಾಳಿ ಬಿಡಿಸಿದ್ದಾರೆ: ಡೇಟಾ ಅರ್ಥ ಮಾಡಿಕೊಳ್ಳಲು ಬೇಕಾದ ಪೈಲಟ್ ಡೇಟಾದ ಜೊತೆಗೇ ಬರುತ್ತದೆ.

ಪ್ರಶ್ನೆ: ಹಾಗಾದರೆ 64 ಆಂಟೆನಾ ಇರುವ 5ಜಿ ಟವರ್‌ನ ಗತಿ?

ಉತ್ತರ: ಲೆಕ್ಕ ಹಾಕಿಯೇ ನೋಡೋಣ. 3.5 ಗಿಗಾಹರ್ಟ್ಸ್, ಗಂಟೆಗೆ 100 ಕಿ.ಮೀ. ಓಡುವ ಕಾರು: ಡಾಪ್ಲರ್ (ಓಟದಿಂದಾಗುವ ಆವರ್ತನದ ಪಲ್ಲಟ) ಸುಮಾರು 324 ಹರ್ಟ್ಸ್. ಅಂದರೆ ಚಾನೆಲ್ 1.3 ಮಿಲಿಸೆಕೆಂಡ್‌ಗೇ ಹಳತಾಗುತ್ತದೆ. ಪ್ರತಿಧ್ವನಿಗಳ ಹರವು (ಡಿಲೇ ಸ್ಪ್ರೆಡ್) 1 ಮೈಕ್ರೋಸೆಕೆಂಡ್ ಎಂದುಕೊಂಡರೆ ಚಾನೆಲ್ ಒಂದೇ ರೀತಿ ಇರುವುದು ಸುಮಾರು 200 ಕಿಲೋಹರ್ಟ್ಸ್‌ವರೆಗೆ. ಇಷ್ಟರೊಳಗೆ ಸಿಗುವುದು 240ರಷ್ಟು ಜಾಗ. ಆಂಟೆನಾಗೊಂದರಂತೆ 64 ಪೈಲಟ್ ಇಟ್ಟರೆ ಕಾಲು ಭಾಗಕ್ಕೂ ಹೆಚ್ಚು ಅದಕ್ಕೇ ಹೋಯಿತು. ಫೋನ್ ಅಳೆದದ್ದನ್ನು ಟವರ್‌ಗೆ ವಾಪಸ್ ಹೇಳುವ ಖರ್ಚು ಬೇರೆ.

ಟಿಡಿಡಿಯಲ್ಲಿ (ಟವರ್, ಫೋನ್ ಸರದಿಯಂತೆ ಕಳಿಸುವ ವಿಧಾನ) ಎರಡೂ ದಿಕ್ಕಿಗೆ ಒಂದೇ ಆವರ್ತನ. ಹಾಗಾಗಿ ಫೋನೇ ಪೈಲಟ್ ಕಳಿಸಿದರೆ ಸಾಕು, ಒಂದನ್ನೇ 64 ಆಂಟೆನಾಗಳೂ ಕೇಳಿಸಿಕೊಳ್ಳುತ್ತವೆ. ಎಂಟು ಫೋನಿಗೆ ಎಂಟೇ ಪೈಲಟ್, ಶೇ. 3ರ ಆಸುಪಾಸು. ಆದರೆ ಗಾಳಿಯ ದಾರಿ ಎರಡೂ ಕಡೆಗೆ ಒಂದೇ ಆದರೂ ಕಳಿಸುವ, ಕೇಳುವ ಸರ್ಕ್ಯೂಟ್‌ಗಳು ಒಂದೇ ಅಲ್ಲ. ಆ ವ್ಯತ್ಯಾಸ ಸರಿದೂಗಿಸುವ ಕ್ಯಾಲಿಬ್ರೇಷನ್ ತಪ್ಪಿದರೆ ಬೀಮ್ (ಫೋನಿನತ್ತ ಗುರಿಯಿಟ್ಟ ಸಿಗ್ನಲ್) ಎತ್ತಲೋ ತಿರುಗುತ್ತದೆ. ಪಕ್ಕದ ಟವರ್‌ನ ಫೋನ್ ಅದೇ ಪೈಲಟ್ ಬಳಸಿದರಂತೂ ಅಂದಾಜೇ ಕಲಬೆರಕೆ.

ಪ್ರಶ್ನೆ: ಪ್ರಾಜೆಕ್ಟ್‌ನಲ್ಲಿ ಪೈಲಟ್‌ನಿಂದ ಚಾನೆಲ್ ಅಂದಾಜಿಸಲು ಎಂಎಂಎಸ್‌ಇ ಹಾಕಿದರೆ ಸಿಮ್ಯುಲೇಷನ್ ಮುಗಿಯುವುದೇ ಇಲ್ಲ. ಎಲ್‌ಎಸ್ ಸಾಲದೇ?

ಉತ್ತರ: ಎಲ್‌ಎಸ್ ಬಂದ ಪೈಲಟ್ಟನ್ನು ಕಳಿಸಿದ್ದರಿಂದ ಭಾಗಿಸುತ್ತದೆ ಅಷ್ಟೆ; ಎಂಎಂಎಸ್‌ಇ ನಾಯ್ಸ್ ಮತ್ತು ಚಾನೆಲ್‌ನ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕ್ಯೂಪಿಎಸ್‌ಕೆ (ಸಿಂಬಲ್‌ಗೆ ಎರಡೇ ಬಿಟ್) ಮಾತ್ರ, ಎಸ್‌ಎನ್‌ಆರ್ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್‌ನ ಬಲ) ಚೆನ್ನಾಗಿದೆ ಎಂದರೆ ಎಲ್‌ಎಸ್ ಸಾಕು. 20 ಮೆಗಾಹರ್ಟ್ಸ್ ಎಲ್‌ಟಿಇಯಲ್ಲಿ ಪೈಲಟ್ ಇರುವ ಸಿಂಬಲ್‌ಗೆ, ಪೋರ್ಟೊಂದಕ್ಕೆ 200 ಪೈಲಟ್. ಎಲ್‌ಎಸ್‌ಗೆ 200 ಗುಣಾಕಾರ ಅಷ್ಟೆ. ಎಂಎಂಎಸ್‌ಇಗೆ ಬೇಕಾದ 200×200 ಮ್ಯಾಟ್ರಿಕ್ಸ್ ಇನ್ವರ್ಸ್ ಎಂದರೆ 80 ಲಕ್ಷದ ಲೆಕ್ಕ. ನೀವು ಬಹುಶಃ ಅದನ್ನು ಲೂಪ್ ಒಳಗೆ ಇಟ್ಟಿದ್ದೀರಿ. ಹೊರಗೆ ತೆಗೆಯಿರಿ: 0, 10, 20, 30 ಡಿಬಿ ಎಸ್‌ಎನ್‌ಆರ್‌ಗೆ ಮೊದಲೇ ಲೆಕ್ಕ ಹಾಕಿ ಟೇಬಲ್ ಮಾಡಿಡಿ. ಆಮೇಲೆ 16 ಪೈಲಟ್‌ಗಳ ಕಿಟಕಿ ಇಟ್ಟು ಸರಿಸುತ್ತಾ ಹೋಗಿ, ಒಂದು ಇನ್ವರ್ಸ್ 4,096ಕ್ಕೆ ಇಳಿಯುತ್ತದೆ. ಅಂಚಿನಲ್ಲಿ ತಪ್ಪು ಹೆಚ್ಚು, ಹಾಗಾಗಿ ಕಿಟಕಿಗಳು ಒಂದರ ಮೇಲೊಂದು ಸ್ವಲ್ಪ ಹಾಯಲಿ. ಡಿಲೇ ಸ್ಪ್ರೆಡ್ ಸರಿಯಾಗಿ ಗೊತ್ತಿಲ್ಲದಿದ್ದರೆ ಜಾಸ್ತಿಯೇ ಇಟ್ಟುಕೊಳ್ಳಿ. ಕಮ್ಮಿ ಇಟ್ಟರೆ ಎಸ್‌ಎನ್‌ಆರ್ ಎಷ್ಟೇ ಏರಿಸಿದರೂ ತಪ್ಪು ಒಂದು ಮಟ್ಟದಿಂದ ಕೆಳಗಿಳಿಯುವುದಿಲ್ಲ.