ಮೊದಲು ಗುಂಡಿ, ಆಮೇಲೆ ಗೂಡು

ಪುಣೆ ಹತ್ತಿರದ ತಳೇಗಾಂವ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: "ಯುಗಾದಿಗೆ ಹೊಸ ಮನೆಗೆ ಬಂದೆವು. ಹಿಂದೆ 600 ಚದರಡಿ ಜಾಗ ಇದೆ. ಇಷ್ಟು ವರ್ಷ ಪಿಂಪ್ರಿಯ ಫ್ಲ್ಯಾಟಿನಲ್ಲಿ ತುಳಸಿ ಬಿಟ್ಟರೆ ಏನೂ ಬೆಳೆದಿಲ್ಲ. ಈಗ ವಸಂತ. ಈ ತಿಂಗಳೇ ತರಕಾರಿ ಹಾಕಿ ಹತ್ತು ಕೋಳಿ ತರುವ ಆಸೆ. ಧಾರವಾಡದ ತವರುಮನೆ ಹಿತ್ತಲಿನ ಹಾಗೆ ಆಗಬೇಕು. ಎಲ್ಲಿಂದ ಶುರು ಮಾಡಲಿ?"

ಅಕ್ಕಾ, ನಮಸ್ಕಾರ. ನಿಮ್ಮ ಪತ್ರ ಎರಡು ಸಲ ಓದಿದೆ. ಆಸೆ ಚೆನ್ನಾಗಿದೆ, ತಿಂಗಳು ಮಾತ್ರ ಸರಿಯಿಲ್ಲ. ಪಂಚಾಂಗದಲ್ಲಿ ವಸಂತ ಇರಬಹುದು, ಆದರೆ ಪುಣೆ ಕಡೆ ಚೈತ್ರ ಅಂದರೆ ಬಿಸಿಲು ಏರುವ ಕಾಲ. ಏಪ್ರಿಲ್ ಕೊನೆಗೆ 38–40 ಡಿಗ್ರಿ ಮುಟ್ಟುತ್ತದೆ. ಮಳೆ ಹಿಡಿಯುವುದು ಜೂನ್ ಎರಡನೇ ವಾರದ ಹೊತ್ತಿಗೆ. ವಸಂತದಲ್ಲಿ ಬಿತ್ತುವುದು ಹಿಮ ಬೀಳುವ ದೇಶಗಳಿಗೆ ಸರಿ, ಅಲ್ಲಿ ಮಣ್ಣು ಬೆಚ್ಚಗಾಗುವುದೇ ಆಗ. ನಮಗೆ ಈ ಎರಡು ತಿಂಗಳು ಮಣ್ಣು ಮತ್ತು ನೆರಳು ಮಾಡಿಕೊಳ್ಳುವುದಕ್ಕೆ.

ನೆಲ ಹೇಗಿದೆ, ನೀರು ಇಳಿಯುತ್ತದಾ ಅಂತ ನೋಡಲು ಮೊದಲು ಒಂದೂವರೆ ಅಡಿ ಆಳದ ಗುಂಡಿ ತೋಡಿ. ಹೊಸ ಮನೆಯ ಹಿತ್ತಲಿನಲ್ಲಿ ಸಾಮಾನ್ಯವಾಗಿ ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು ಹರಡಿರುತ್ತಾರೆ. ಕೆಳಗೆ ಸಿಮೆಂಟ್ ಗಟ್ಟಿ, ಟೈಲ್ಸ್ ಚೂರು, ಬೈಂಡಿಂಗ್ ವೈರ್, ಮೊಳೆ. ಆರಿಸಿ ತೆಗೆಯುವುದು ಬೇಸರದ ಕೆಲಸ, ಆದರೂ ಬಿಡಬೇಡಿ. ಹೊಳೆಯುವುದು ಕಂಡರೆ ಕೋಳಿ ಕುಕ್ಕಿ ನುಂಗುತ್ತದೆ. ಮೊಳೆ ಹೊಟ್ಟೆಗೆ ಹೋದರೆ ಉಳಿಯುವುದು ಕಷ್ಟ. ಆಮೇಲೆ ಗುಂಡಿಗೆ ನೀರು ತುಂಬಿಸಿ. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ನೆಲ ಅಗೆಯುತ್ತಾ ಕೂರಬೇಡಿ. ಒಂದಡಿ ಎತ್ತರಕ್ಕೆ ಮಡಿ ಕಟ್ಟಿ, ನೀರು ಇಳಿಯುವ ಸಡಿಲ ಮಣ್ಣು, ಹಳೆಯ ಸಗಣಿ ಗೊಬ್ಬರ, ಒಣ ಎಲೆ ತುಂಬಿ. ನಿಮ್ಮ ಕಡೆ ಮಳೆ ಪುಣೆ ಊರಿಗಿಂತ ಜಾಸ್ತಿ, ಬೇರು ಕೊಳೆಯಬಾರದು ಅಲ್ವಾ?

ಸುಮ್ನೆ ಕೂರಲು ಆಗದಿದ್ದರೆ ರಾಜಗಿರಿ ಸೊಪ್ಪು, ಚವಳಿಕಾಯಿ ಈಗಲೂ ಹಾಕಬಹುದು. ಎರಡೂ ಬಿಸಿಲು ತಡೆಯುತ್ತವೆ. ಬುಡಕ್ಕೆ ಒಣಹುಲ್ಲು ಮುಚ್ಚಿ. ನುಗ್ಗೆ ಕೊಂಬೆ, ಕರಿಬೇವು, ಹೀರೆ, ಬಸಳೆ ಎಲ್ಲ ಮಳೆ ಬಿದ್ದ ಮೇಲೆ. ಸಸಿ ಬೇಕಿದ್ದರೆ ಸೊಲ್ಲಾಪುರ ರಸ್ತೆಯ ಉರುಳಿ ಕಾಂಚನ ಕಡೆ ನರ್ಸರಿಗಳ ಸಾಲೇ ಇದೆ.

ಇನ್ನು ಕೋಳಿ. ಪುಣೆಗೆ ಬಂದ ಹೊಸದರಲ್ಲಿ ನಾನೂ ಏಪ್ರಿಲ್‌ನಲ್ಲೇ ಆರು ಕೋಳಿ ತಂದಿದ್ದೆ. ಗೂಡಿಗೆ ತಗಡು ಹೊದಿಸಿದ್ದೆ. ಒಂದು ಮಧ್ಯಾಹ್ನ ಬಂದು ನೋಡಿದರೆ ಕೋಳಿಗಳು ರೆಕ್ಕೆಗಳನ್ನು ಮೈಯಿಂದ ಎತ್ತಿ ಹಿಡಿದು, ಕೊಕ್ಕು ತೆರೆದು ನಿಂತಿದ್ದವು. ಗಂಟಲು ಪಟಪಟ ಬಡಿಯುತ್ತಿತ್ತು. ಬಟ್ಟಲಿನ ನೀರಿಗೆ ಬೆರಳಿಟ್ಟರೆ ಸ್ನಾನದ ನೀರಿನಷ್ಟು ಬಿಸಿ. ಎರಡು ಆಗಲೇ ಸತ್ತಿದ್ದವು. ಕೋಳಿಗೆ ಬೆವರಿಲ್ಲ, ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ನನಗೆ ಅದು ಗೊತ್ತಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ, ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗೂಡು ಈಗ ಕಟ್ಟಿ, ಕೋಳಿ ದಸರಾ ಕಳೆದ ಮೇಲೆ ತನ್ನಿ. ಮಳೆಗಾಲದಲ್ಲಿ ತಂದರೆ ಒದ್ದೆ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ಬರುವ ಭಯ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ, ಗೂಡು ಎಲ್ಲಿ ಸೋರುತ್ತದೆ ಅಂತ ಗೊತ್ತಾಗಿರುತ್ತದೆ. ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕೆ ಇದ್ದರೆ ಬಿಸಿಲು ಒಳಗೆ ಕಡಿಮೆ ಬೀಳುತ್ತದೆ. ತಗಡಿನ ಮೇಲೆ ತೆಂಗಿನ ಗರಿ ಹಾಕಿ. ಜಾಲರಿಯ ಕಣ್ಣು ಅರ್ಧ ಇಂಚು ಮೀರಬಾರದು, ಕೆಳತುದಿ ಒಂದಡಿ ನೆಲದೊಳಗೆ ಹೂತಿರಲಿ. ಮುಂಗುಸಿ, ಹೆಗ್ಗಣ ಕೆಳಗಿನಿಂದಲೇ ಬರುತ್ತವೆ.

ಹತ್ತು ಬೇಡ, ನಾಲ್ಕು ಸಾಕು. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 110–120 ಗ್ರಾಂ ಮೇವು ಬೇಕು, ನಾಲ್ಕಕ್ಕೆ ಹತ್ತಿರ ಹತ್ತಿರ ಅರ್ಧ ಕಿಲೋ. ಹುಂಜವೂ ಬೇಡ. ಹುಂಜ ಇಲ್ಲದೆಯೂ ಮೊಟ್ಟೆ ಬರುತ್ತದೆ, ಮರಿ ಆಗುವುದಿಲ್ಲ ಅಷ್ಟೇ. ನಸುಕಿಗೆ ಅದು ಕೂಗಿದರೆ ನೆರೆಯವರು ಎಷ್ಟು ದಿನ ಸಹಿಸಿಯಾರು? ತಳಿಯಲ್ಲಿ ಹಿತ್ತಲಿಗೆಂದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಮಾಡಿದ ಗಿರಿರಾಜ ಇದೆ, ಹೈದರಾಬಾದಿನ ವನರಾಜ ಇದೆ. ದಿನದ ಮರಿ ತರಬೇಡಿ. ನಾಲ್ಕು ತಿಂಗಳದ್ದು ತನ್ನಿ, ರಾಣಿಖೇತ್ ರೋಗದ ಲಸಿಕೆ ಆಗಿದೆಯಾ ಅಂತ ಕೇಳಿಯೇ ದುಡ್ಡು ಕೊಡಿ.

ಕೋಳಿ ಗೊಬ್ಬರ ಹಸಿಯಾಗಿ ಹಾಕಿದರೆ ಗಿಡ ಸುಟ್ಟುಹೋಗುತ್ತದೆ. ಒಣ ಎಲೆ ಜೊತೆ ಮೂರು ತಿಂಗಳು ಕೊಳೆಯಲಿ. ಸಸಿ ಮಡಿಗೆ ಬೇಲಿ ಇಲ್ಲದಿದ್ದರೆ ಕೋಳಿಗಳು ನಿಮ್ಮ ರಾಜಗಿರಿಯನ್ನು ಹತ್ತೇ ನಿಮಿಷದಲ್ಲಿ ಕೆದಕಿ ಹಾಕುತ್ತವೆ.

ಗೂಡಿಗೆ ಮರ ತರುವ ಮೊದಲು ಸೊಸೈಟಿಯಿಂದ ಒಪ್ಪಿಗೆ ಬರವಣಿಗೆಯಲ್ಲೇ ತಗೊಳ್ಳಿ. ಗುಂಡಿಯಲ್ಲಿ ನೀರು ಎಷ್ಟು ಹೊತ್ತು ನಿಂತಿತು ಅಂತ ನನಗೆ ಬರೆಯಿರಿ. ಮಳೆಗಾಲದ ಬೀಜದ ಪಟ್ಟಿ ಅದನ್ನು ನೋಡಿಕೊಂಡು ಕಳಿಸುತ್ತೇನೆ.

— ಸಂಪಾದಕ